ಐಬು ತೋರಿಸಿ ಮಾರಿದ ಮನೆ

ಹಲಸೂರಿನಲ್ಲಿ ನಾನು ಮನೆ ಬ್ರೋಕರ್. ಅಮೃತಮ್ಮ ಎಂದರೆ ಕೆರೆಯ ಸುತ್ತಮುತ್ತ ಯಾರು ಬೇಕಾದರೂ ಅಂಗಡಿ ತೋರಿಸುತ್ತಾರೆ. ಸುಳ್ಳು ಹೇಳುವ ಮಾಲೀಕರನ್ನು ನಿಭಾಯಿಸುವುದು ನನಗೆ ನೀರು ಕುಡಿದಷ್ಟು ಸುಲಭ. ನಿಜ ಹೇಳುವವರೊಬ್ಬರು ಗಂಟುಬಿದ್ದಾಗ ಮಾತ್ರ ತಲೆ ಕೆಟ್ಟುಹೋಯಿತು. ಅವರೇ ಶಿವಾಜಿನಗರದ ಶಫಿ ಸಾಹೇಬರು.

ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಗಲ್ಲಿಯಲ್ಲಿ ಅವರದು ಕಟ್‌ಪೀಸ್ ಬಟ್ಟೆ ಅಂಗಡಿ. ಅಲ್ಲೊಂದು ಪದ್ಧತಿ ಇದೆ. ಗಿರಾಕಿ ಬಟ್ಟೆ ಆರಿಸಿದ ಕೂಡಲೇ ಸಾಹೇಬರು ಅದನ್ನು ಮೇಜಿನ ಮೇಲೆ ಹರವಿ, ಎಲ್ಲಿ ಎಳೆ ಬಿಟ್ಟಿದೆಯೋ, ಎಲ್ಲಿ ಬಣ್ಣ ಸರಿಯಾಗಿ ಕೂತಿಲ್ಲವೋ ಅಲ್ಲಿ ದರ್ಜಿಯ ಸೀಮೆಸುಣ್ಣದಿಂದ ಒಂದು ಸುತ್ತು ಹಾಕುತ್ತಾರೆ. ಬೆಲೆ ಹೇಳುವುದು ಆಮೇಲೆ. ಅವರ ತಂದೆಯೂ ಹಾಗೆಯೇ ಮಾರುತ್ತಿದ್ದರಂತೆ. "ಐಬು ಮುಚ್ಚಿಟ್ಟು ಮಾರಿದ್ರೆ ಆ ಅನ್ನ ಮೈಗೆ ಹತ್ತಲ್ಲ ಅಮೃತಮ್ಮ" ಎನ್ನುತ್ತಾರೆ. ಬಟ್ಟೆಗೆ ಸರಿ ಸ್ವಾಮಿ, ಒಪ್ಪಿಕೊಳ್ಳೋಣ. ಮನೆಗೆ ಯಾರಾದರೂ ಹಾಗೆ ಮಾಡುತ್ತಾರೆಯೇ?

ರಸೆಲ್ ಮಾರ್ಕೆಟ್ ಪಕ್ಕದ ಸಂದಿಯಲ್ಲಿ ಅವರ ಮನೆ. ಕೆಳಗೆ ಗೋಡೌನು, ಮೇಲೆ ವಾಸ, ನಡುವೆ ಏಣಿಯಂಥ ಕಡಿದಾದ ಮೆಟ್ಟಿಲು. ಸಾಹೇಬರ ಹೆಂಡತಿ ನೂರುನ್ನೀಸಾ ಆಪಾ ಸಮನೆಲದಲ್ಲಿ ಚೆನ್ನಾಗಿಯೇ ಓಡಾಡುತ್ತಾರೆ, ಆದರೆ ಮಂಡಿ ನೋವಿನಿಂದ ಆ ಮೆಟ್ಟಿಲು ಇಳಿಯುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ತರಕಾರಿಯೂ ಕಿಟಕಿಯಿಂದ ಬುಟ್ಟಿ ಇಳಿಬಿಟ್ಟೇ ಮೇಲೆ ಬರಬೇಕು. "ಮಾರ್ಕೆಟ್ಟಿನ ಗಲಾಟೆ ಕಿವಿಗೆ ಬೀಳತ್ತೆ, ಮಾರ್ಕೆಟ್ ಕಣ್ಣಿಗೆ ಬೀಳಲ್ಲ. ಜೈಲಲ್ಲಾದ್ರೂ ದಿನಕ್ಕೊಂದ್ಸಲ ಅಂಗಳಕ್ಕೆ ಬಿಡ್ತಾರಲ್ಲ ಅಮೃತಾ?" ಎಂದು ಒಂದು ದಿನ ನಗುತ್ತಲೇ ಕೇಳಿದರು. ಕೆ.ಆರ್. ಪುರದಲ್ಲಿ ಅವರಿಗೆ ನೆಲಮಟ್ಟದ ಮನೆ ಹುಡುಕಿದ್ದು ನಾನೇ. ಆ ಮನೆಯ ಮಾಲೀಕ, ರಂಜಾನ್ ತಿಂಗಳು ಮುಗಿಯುವ ತನಕ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಎಂದಿದ್ದ. ಅಷ್ಟರೊಳಗೆ ಹಳೆ ಮನೆ ಮಾರಾಟವಾಗಬೇಕು, ಇಲ್ಲದಿದ್ದರೆ ಆಪಾಗೆ ಆ ಕಿಟಕಿಯೇ ಗತಿ.

ಮೊದಲ ಗಿರಾಕಿಯನ್ನು ಕರೆದುಕೊಂಡು ಹೋದೆ. ಕಾಲಿಟ್ಟರೆ ಏನು ನೋಡುವುದು! ಒಂದೊಂದು ಮೆಟ್ಟಿಲ ಮೇಲೂ ಬಿಳಿ ಸುತ್ತು. ಗೋಡೆ ಬಿರುಕಿಗೆ ಸುತ್ತು, ಸೋರುವ ಸೂರಿಗೆ ಸುತ್ತು, ಮುಚ್ಚಲಾಗದ ಬಾಗಿಲಿಗೆ ಸುತ್ತು. ಸಾಹೇಬರು ಕೈಯಲ್ಲಿ ಸೀಮೆಸುಣ್ಣ ಹಿಡಿದು ಹೆಮ್ಮೆಯಿಂದ, "ಬನ್ನಿ ಬನ್ನಿ, ಮೊದ್ಲು ಬಚ್ಚಲು ತೋರಿಸ್ತೀನಿ, ಅಲ್ಲಿ ನೀರು ಹಿಂದಕ್ಕೆ ಬರತ್ತೆ" ಎಂದರು. ಗಿರಾಕಿ ಮೆಟ್ಟಿಲಿಳಿದು ಹೋದವನು ತಿರುಗಿ ನೋಡಲಿಲ್ಲ. ಎರಡನೆಯವನು ಬಚ್ಚಲ ತನಕವೂ ಬರಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. "ಏನ್ರೀ ಸಾಹೇಬ್ರೇ, ಹೆಣ್ಣು ನೋಡೋಕೆ ಬಂದೋರಿಗೆ ಯಾರಾದ್ರೂ ಎಕ್ಸ್‌ರೇ ತೋರಿಸ್ತಾರಾ?" ಎಂದು ಕೂಗಾಡಿ, ಒದ್ದೆ ಬಟ್ಟೆ ತೆಗೆದುಕೊಂಡು ನಾನೇ ಎಲ್ಲವನ್ನೂ ಒರೆಸಿದೆ. ಮಾರನೆಯ ದಿನ ಹೋದರೆ ಸುತ್ತುಗಳೆಲ್ಲ ವಾಪಸು ಬಂದು ಕೂತಿದ್ದವು, ಈ ಸಲ ಎಣ್ಣೆ ಬಣ್ಣದಲ್ಲಿ!

ಅಡುಗೆಮನೆಗೆ ಹೋಗಿ ಆಪಾಗೆ ಚುಚ್ಚಿಕೊಟ್ಟೆ. "ನೀವಾದ್ರೂ ಒಂದ್ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."

ಆಪಾ ಒಲೆ ಸಣ್ಣ ಮಾಡಿದರು. "ಹೂಂ, ಕೇಳ್ತಾರೆ. ನಾನು ಹೇಳಿದ್ರೆ ಇವತ್ತೇ ಒರೆಸಿಬಿಡ್ತಾರೆ. ಆಮೇಲೆ ಅವರಿಗೆ ನಿದ್ದೆ ಬರಲ್ಲ. ಅದಕ್ಕೇ ಹೇಳಲ್ಲ."

ಆವತ್ತಿನಿಂದ ಒದ್ದೆ ಬಟ್ಟೆಯ ತಂಟೆಗೆ ನಾನು ಹೋಗಲಿಲ್ಲ.

ರಂಜಾನ್ ಇನ್ನೇನು ಮುಗಿಯಬೇಕು, ಆಗ ಪರ್ವೀನ್ ಬಂದಳು. ಆಸ್ಪತ್ರೆಯಲ್ಲಿ ನರ್ಸು. ಗಂಡ ಮುಕ್ತಾರನದು ಮಸಾಲೆ ವ್ಯಾಪಾರ, ಅವನ ಕಣ್ಣು ಕೆಳಗಿನ ಗೋಡೌನಿನ ಮೇಲಿತ್ತು. ಪರ್ವೀನಳ ಕಣ್ಣು ಸುತ್ತುಗಳ ಮೇಲೆ. ನಾನು ಅಡ್ಡ ನಿಂತು ಮುಚ್ಚಲು ನೋಡಿದರೆ, "ಸ್ವಲ್ಪ ಸರೀರಿ ಆಂಟಿ" ಎಂದು ನನ್ನನ್ನೇ ಪಕ್ಕಕ್ಕೆ ತಳ್ಳಿದಳು.

"ಇನ್ನೇನಾದ್ರೂ ಇದೆಯಾ ಚಾಚಾ?"

"ನಂಗೆ ಗೊತ್ತಿರೋದೆಲ್ಲ ತೋರಿಸಿದೀನಮ್ಮ."

"ಒಂದು ಬಿಟ್ಟಿದ್ದಾರೆ!" ಎಂದು ಆಪಾ ಒಳಗಿನಿಂದ ಕೂಗಿದರು. "ಎದುರುಮನೆ ಲತೀಫ್ ಭಾಯ್ ಗೊರಕೆ! ಕಿಟಕಿ ಮುಚ್ಚಿದ್ರೂ ಕೇಳತ್ತೆ!"

ಮುಗೀತು, ಇವರೂ ಓಡಿದರು ಎಂದುಕೊಂಡು ಹಣೆ ಚಚ್ಚಿಕೊಂಡೆ. ಪರ್ವೀನ್ ಬಿದ್ದು ಬಿದ್ದು ನಕ್ಕಳು. "ನಮ್ಮನೆಯವ್ರದೂ ಅವರಿಗೆ ಕೇಳಿಸ್ಲಿ ಬಿಡಿ! ಚಾಚಾ, ಊರೆಲ್ಲ ಮನೆ ನೋಡ್ಬಿಟ್ಟೆ. ಎಲ್ಲಾ ಕಡೆ ಹೊಸಾ ಪೇಂಟು. ಪೇಂಟ್ ಕಂಡ್ರೇನೇ ಭಯ ಆಗತ್ತೆ ನಂಗೆ, ಒಳಗೇನಿದ್ಯೋ ಅಂತ. ಇಲ್ಲಿ ಏನೇನು ರಿಪೇರಿ ಮಾಡಿಸ್ಬೇಕು ಅಂತ ಗೊತ್ತಾಯ್ತಲ್ಲ, ಸಾಕು. ಇದನ್ನೆಲ್ಲ ಅಗ್ರಿಮೆಂಟಲ್ಲಿ ಬರೆಸ್ಕೊಡಿ, ತಗೋತೀವಿ."

ಸಾಹೇಬರ ಮುಖ ಊರಗಲವಾಯಿತು. ಬರೆಸಲು ಹೊರಟಿದ್ದು ಪತ್ರ ಬರೆಯುವ ಗುರುರಾಜರ ಹತ್ತಿರ. ಅವರು ಕನ್ನಡಕ ತೆಗೆದು ನನ್ನನ್ನು ದುರುಗುಟ್ಟಿ ನೋಡಿದರು. "ಅಲ್ರೀ ಅಮೃತಮ್ಮ, ಇದು ಕ್ರಯದ ಕರಾರೋ, ರೋಗಿಯ ರಿಪೋರ್ಟೋ?" ಆದರೂ ಬರೆದರು. 'ಸದರಿ ಮನೆಯ ಅಡುಗೆಮನೆಯು ಮಳೆ ಬಂದಾಗ ಸೋರುತ್ತದೆಂದು ಮಾರುವವರು ಸ್ವಸಂತೋಷದಿಂದ ಒಪ್ಪಿರುತ್ತಾರೆ.' ಓದಿ ಹೇಳುವಾಗ ಸಾಹೇಬರು 'ಸ್ವಸಂತೋಷ'ಕ್ಕೆ ತಲೆಯಾಡಿಸಿದ್ದನ್ನು ನೀವು ನೋಡಬೇಕಿತ್ತು. ಲತೀಫ್ ಭಾಯ್ ಗೊರಕೆಯನ್ನು ಸೇರಿಸಲು ಮಾತ್ರ ಗುರುರಾಜರು ಸುತರಾಂ ಒಪ್ಪಲಿಲ್ಲ. ಅದು ಸ್ವತ್ತಿನ ಚಕ್ಕುಬಂದಿಯಿಂದ ಆಚೆಗೆ ಬರುತ್ತದಂತೆ.

ಮನೆ ಖಾಲಿ ಮಾಡುವ ದಿನ ಆಪಾರನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಮುಕ್ತಾರ್, ಹಿಂದೆ ಸಾಹೇಬರು ಹಿಡಿದು ಮೆಟ್ಟಿಲಿಳಿಸಿದರು. "ನಿಧಾನ ರೀ, ಮದುವಣಗಿತ್ತಿ ಬರ್ತಿದಾಳೆ!" ಎಂದು ಆಪಾ ಉದ್ದಕ್ಕೂ ರೇಗಿಸುತ್ತಿದ್ದರು. ನಾನು ಕೆಳಗೆ ನಿಂತು ನಕ್ಕೆ, ಅತ್ತೂಬಿಟ್ಟೆ.

ತಿಂಗಳು ಕಳೆದ ಮೇಲೆ ಮೈಸೂರು ಪಾಕು ಕಟ್ಟಿಸಿಕೊಂಡು ಕೆ.ಆರ್. ಪುರಕ್ಕೆ ಹೋದೆ. ಸಾಹೇಬರೊಬ್ಬರೇ ಬಾಗಿಲಲ್ಲಿ ಕೂತಿದ್ದರು.

"ಎಲ್ಲಿ ಆಪಾ?"

"ಯಾರಿಗೆ ಗೊತ್ತು!" ಸಾಹೇಬರು ಸಿಡಿದರು. "ನಿನ್ನೆ ಪಕ್ಕದ ರೋಡಲ್ಲಿ ಯಾರದೋ ನಾಮಕರಣ. ಮೊನ್ನೆ ಎಲ್ಲೋ ಹಪ್ಪಳ ಒತ್ತೋಕೆ. ಇವತ್ತು ಬೆಳಿಗ್ಗೆನೇ ಎದ್ದು, ಮೆಟ್ರೋಲಿ ಲಿಫ್ಟ್ ಇದೆ, ಆಮೇಲೆ ಆಟೋ ಇದೆ ಅಂತ್ಹೇಳಿ ಒಬ್ಬಳೇ ರಸೆಲ್ ಮಾರ್ಕೆಟ್ಟಿಗೆ ಹೋಗಿದ್ದಾಳೆ! ಮಾರ್ಕೆಟ್ ಪಕ್ಕದಲ್ಲಿದ್ದಾಗ ಹೋಗಲಿಲ್ಲ, ಈಗ ಇಲ್ಲಿಂದ ಅಲ್ಲಿಗೆ! ಈ ಹೆಂಗಸು ಮನೇಲಿ ನಿಲ್ಲೋದೇ ಇಲ್ಲ ಅಮೃತಮ್ಮ, ಮನೇಲಿ ನಿಲ್ಲೋದೇ ಇಲ್ಲ!"

ಬಯ್ಯುತ್ತಿದ್ದರು, ಕಣ್ಣು ತುಂಬಿತ್ತು, ಗಡ್ಡದೊಳಗೆ ನಗು ತಡೆಯಲಾಗುತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡೆ. ಆಪಾ ಗೇಟು ತಳ್ಳಿಕೊಂಡು ಬಂದಾಗ ಮಧ್ಯಾಹ್ನ ಕಳೆದಿತ್ತು. ಬೆವರು ಸುರಿಯುತ್ತಿತ್ತು, ಕೈಚೀಲದಲ್ಲಿ ಪುದೀನ, ಮೀನು, ಇನ್ನೂ ಏನೇನೋ. ಸಾಹೇಬರು ಚೀಲಕ್ಕೆ ಕೈಚಾಚಿದರೆ ಕೊಡಲಿಲ್ಲ.

"ಬಿಡ್ರೀ, ನಾನೇ ತರ್ತೀನಿ" ಎಂದು ಒಳಗೆ ನಡೆದರು. ನಡೆಯುತ್ತಲೇ ನಮ್ಮಿಬ್ಬರನ್ನೂ ಗದರಿದರು: "ಇಷ್ಟೊತ್ತಾದ್ರೂ ಊಟ ಮಾಡಿಲ್ವಾ? ಯಾರಿಗೋಸ್ಕರ ಕಾಯ್ತಾ ಕೂತಿದ್ರಿ?"