ಪರವಾಗಿಲ್ಲ ಎಂದರೆ ಎರಡು

ಜೊತೆಯವರು ಅವಳಿಗಿಟ್ಟ ಅಡ್ಡಹೆಸರು 'ನಂಬರ್ ಡಾಕ್ಟ್ರು'. ತುರ್ತು ಚಿಕಿತ್ಸೆ ಕಲಿಯಲು ಬಂದ ಪ್ರತಿಯೊಬ್ಬ ಡಾಕ್ಟರೂ ಒಂದು ಸಂಶೋಧನೆ ಮಾಡಲೇಬೇಕು, ಇಲ್ಲದಿದ್ದರೆ ಪದವಿಯಿಲ್ಲ. ಜೀವ ಉಳಿಸುವುದಕ್ಕೇ ಕೈ ಸಾಲದ ಕಡೆ ಸಂಶೋಧನೆ ಬೇರೆ ಕೇಡು! ಅವಳು ಆರಿಸಿಕೊಂಡದ್ದು ನೋವನ್ನು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳುವುದು, ಅವರು ಹೇಳಿದ ಅಂಕಿಯಂತೆ ಸರದಿ ಕೊಡುವುದು.

ಗಂಡಸರು ಬೆರಳು ಕುಯ್ದುಕೊಂಡು ಬಂದರೂ ಒಂಬತ್ತು ಎನ್ನುತ್ತಿದ್ದರು. ಹೆಂಗಸರದೇ ಪೇಚಾಟ. ಹೊಟ್ಟೆ ಹಿಡಿದುಕೊಂಡು ಬಗ್ಗಿ ಹೋದವಳೂ "ಪರವಾಗಿಲ್ಲ" ಎನ್ನುವಳು. ಆ ಮಾತಿಗೆ ಯಾವ ಅಂಕಿ ಹಾಕುವುದು? ಸಂಶೋಧನೆಯ ಮಾರ್ಗದರ್ಶಕರನ್ನು ಕೇಳಿದಳು.

"ಎರಡು ಅಂತ ಹಾಕ್ಕೊಳ್ರೀ. ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ?" ಎಂದರು ಅವರು, ಫೋನಿನಿಂದ ತಲೆ ಎತ್ತದೆ.

ಎರಡು ಹಾಕಿದಳು. ಫಲಿತಾಂಶ ಚೊಕ್ಕವಾಗಿ ಬಂತು: ಹೆಂಗಸರಿಗೆ ನೋವು ಕಡಿಮೆ! ಸಮ್ಮೇಳನದಲ್ಲಿ ಚಪ್ಪಾಳೆಯೂ ಬಿತ್ತು. 'ಪರವಾಗಿಲ್ಲ' ಎಂದರೆ ಎರಡು ಎಂಬುದನ್ನೇ ವಿಭಾಗದವರು ಬಾಗಿಲಿನ ನಿಯಮ ಮಾಡಿಕೊಂಡರು. ಅವಳು ಉಬ್ಬಿಹೋಗಿ, ತಾಯಿಯಿಲ್ಲದ ತನ್ನನ್ನು ಸಾಕಿದ ಚಿಕ್ಕಮ್ಮನಿಗೆ ಫೋನು ಮಾಡಿ ಹೇಳಿಕೊಂಡಳು.

ಆ ಚಿಕ್ಕಮ್ಮನೇ ಒಂದು ಮಧ್ಯಾಹ್ನ ಹೊಟ್ಟೆನೋವೆಂದು ಬಂದರು. ಅವಳು ಮಹಡಿಯಲ್ಲಿ ಹೊಸಬರಿಗೆ ಪಾಠ ಮಾಡುತ್ತಿದ್ದಳು. "ಅವಳಿಗೆ ಕೆಲಸ ಇರುತ್ತೆ, ಕರೀಬೇಡಿ" ಎಂದು ಚಿಕ್ಕಮ್ಮ ಗಂಡನ ಕೈ ಹಿಡಿದು ತಡೆದರು. ಬಾಗಿಲಲ್ಲಿದ್ದ ಕಿರಿಯ ಡಾಕ್ಟರ್ ನೋವೆಷ್ಟು ಎಂದು ಕೇಳಿದ.

"ಪರವಾಗಿಲ್ಲಪ್ಪ."

ಅವನು ನಿಯಮದಂತೆ ಎರಡು ಎಂದು ಬರೆದು ಬೆಂಚು ತೋರಿಸಿದ. ಸಂಜೆ ಅವಳು ಕೆಳಗಿಳಿದು ಬರುವಷ್ಟರಲ್ಲಿ ಚಿಕ್ಕಮ್ಮನ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು, ಕೈಕಾಲು ತಣ್ಣಗಾಗಿದ್ದವು. ಕರುಳು ತೂತಾಗಿತ್ತು. ಆಪರೇಷನ್ ಮಾಡಿದರೂ ಉಳಿಯಲಿಲ್ಲ.

"ಆ ನಿಯಮ ತೆಗೆಸಿ ಸರ್," ಎಂದು ಅವಳು ಮಾರ್ಗದರ್ಶಕರ ಮುಂದೆ ನಿಂತಳು.

"ಒಂದು ಕೇಸಿಂದ ಏನ್ರೀ ಆಗುತ್ತೆ? ಪ್ರಬಂಧ ಕೊಟ್ಟಾಗಿದೆ. ಈಗ ತಪ್ಪು ಅಂದ್ರೆ ನಿಮ್ಮ ತಲೆ ಮೇಲೆ ನೀವೇ ಕಲ್ಲು ಹಾಕ್ಕೊಂಡ ಹಾಗೆ."

ಅವಳಿಗೆ ಅವರ ಮೇಲೆ ಮೈಯೆಲ್ಲ ಉರಿಯಿತು, ತನ್ನ ಮೇಲೆ ಇನ್ನೂ ಹೆಚ್ಚು. ಆದರೂ ಪದವಿ ಬೇಕಿತ್ತು. ಬಾಯಿ ಮುಚ್ಚಿಕೊಂಡು ಹೊರಬಂದಳು.

ಚಿಕ್ಕಮ್ಮನ ಮನೆ ತುಂಬ ನೆಂಟರು ಸೇರಿದ್ದರು. "ನಮ್ಮ ಹುಡುಗಿ ಇರೋ ಆಸ್ಪತ್ರೆ. ಏನೂ ಕಮ್ಮಿ ಮಾಡಲಿಲ್ಲ," ಎಂದು ಚಿಕ್ಕಪ್ಪ ಎಲ್ಲರಿಗೂ ಹೇಳುತ್ತಿದ್ದರು. ಚಿಕ್ಕಮ್ಮನ ಅಕ್ಕ ಅವಳನ್ನು ಪಕ್ಕಕ್ಕೆ ಕರೆದು ಕೈ ಹಿಡಿದುಕೊಂಡರು.

"ನೀನು ಡಾಕ್ಟ್ರು, ನಿಜ ಹೇಳು. ತುಂಬ ನೋವು ತಿಂದ್ಲಾ?"

"ಇಲ್ಲ ದೊಡ್ಡಮ್ಮ," ಎಂದಳು ಅವಳು. "ಅಷ್ಟೇನಿರಲಿಲ್ಲ."