ಒಂದು ಹನಿ ಪಿತ್ತಕ್ಕೆ ಕಾದದ್ದು

ಕೊಳ್ಳುವವನು ಆತುರ ತೋರಿಸಬಾರದು. ಚಾಮರಾಜಪೇಟೆಯಲ್ಲಿ ರಬ್ಬರ್ ಪೈಪು, ಹಳೇ ಮೋಟಾರುಗಳ ಅಂಗಡಿ ಇಟ್ಟು ನಾನು ನಾಲ್ಕು ಜನರಂತೆ ಬದುಕಿದ್ದು ಈ ಒಂದು ಮಾತಿನಿಂದ. ನಿಮಗೂ ಅದನ್ನೇ ಹೇಳುತ್ತೇನೆ: ಬೇಡದ ಸಾಮಾನನ್ನು ಮೊದಲು ಕೇಳಿ, ಬೇಕಾದ್ದನ್ನು ಕೊನೆಗೆ ಮುಟ್ಟಿ. ಆದರೆ ಇದೇ ಬುದ್ಧಿಯಿಂದ ಒಮ್ಮೆ ಕೆಲಸ ಕೆಡಿಸಿದ್ದೇನೆ, ಅದನ್ನೂ ಹೇಳಿಬಿಡಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳು. ವೈಯಾಲಿಕಾವಲ್‌ನ ಒಬ್ಬ ಡಾಕ್ಟರಮ್ಮ ಅಂಗಡಿಗೆ ಬಂದರು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವರು.

"ಯಜಮಾನ್ರೇ, ತುಂಬಾ ನಿಧಾನಕ್ಕೆ ತಿರುಗೋ ಪಂಪು ಬೇಕು. ಒಳಗೆ ಹರಿಯೋದು ರಕ್ತ, ಕಬ್ಬಿಣ ಸೋಕಬಾರದು."

"ರಕ್ತಾನಾ? ಯಾರದಮ್ಮಾ?"

"ಮೇಕೇದು. ಹೆದರ್ಬೇಡಿ."

ಹೊರದೇಶಗಳಲ್ಲಿ ಸತ್ತವರ ಲಿವರ್ ತೆಗೆದು, ಲಿವರ್ ಕೆಟ್ಟು ಸಾಯುತ್ತಿರುವವರಿಗೆ ಜೋಡಿಸುತ್ತಾರಂತೆ. ಐಸಿನಲ್ಲಿಟ್ಟರೆ ಅದು ಕೆಲವೇ ಗಂಟೆ ತಡೆಯುತ್ತದೆ. ಅದರ ಬದಲು ಯಂತ್ರಕ್ಕೆ ಕೂಡಿಸಿ, ಬೆಚ್ಚಗಿನ ರಕ್ತ ಹರಿಸುತ್ತಾ, ಇನ್ನೂ ಹೊಟ್ಟೆಯೊಳಗೇ ಇದ್ದೇನೆ ಎಂದು ಅದಕ್ಕೆ ಅನ್ನಿಸಿಬಿಟ್ಟರೆ? ಇದನ್ನು ಆಕೆ ಮೇಕೆಯ ಲಿವರಿನಲ್ಲಿ ಮಾಡಿ ನೋಡಬೇಕೆಂದಿದ್ದರು. ಕಾಲೇಜಿನ ಹಿರಿಯರು ಒಂದು ಹಳೇ ಉಗ್ರಾಣದ ಕೋಣೆ ಕೊಟ್ಟಿದ್ದರು, ಅದೂ ತಿಂಗಳ ಕೊನೆಯವರೆಗೆ. ಅಷ್ಟರಲ್ಲಿ ಲಿವರ್ ಬದುಕಿದೆ ಎಂದು ತೋರಿಸದಿದ್ದರೆ ಕೋಣೆ ಖಾಲಿ ಮಾಡಬೇಕು.

"ಬದುಕಿದೆ ಅಂತ ಹೆಂಗೆ ಗೊತ್ತಾಗುತ್ತೆ?" ಎಂದೆ.

"ಪಿತ್ತ ಸುರಿಸುತ್ತೆ. ಒಂದು ಹನಿ ಬಂದ್ರೆ ಸಾಕು."

ಹಸುವಿನ ಕೆಚ್ಚಲು ಹಿಂಡಿದ ಹಾಗೆ, ಮೆತ್ತನೆ ಪೈಪನ್ನು ಹೊರಗಿನಿಂದಲೇ ಉರುಳೆಗಳು ಹಿಂಡುವ ಪಂಪೊಂದನ್ನು ಹಳೇ ಮೋಟಾರಿಗೆ ಕೂಡಿಸಿ ಮಾಡಿಕೊಟ್ಟೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಲಿವರಿನ ವ್ಯಾಪಾರವನ್ನೂ ನನಗೇ ಬಿಡಿ ಎಂದೆ.

ನಮ್ಮದು ಲಿಂಗ ಕಟ್ಟಿದ ಮನೆ. ಮಾಂಸದಂಗಡಿ ಮುಂದೆ ನಡೆಯುವಾಗಲೂ ಮುಖ ತಿರುಗಿಸುತ್ತಿದ್ದವನು. "ಕೊಯ್ದ ತಕ್ಷಣ ತಂದ್ಬಿಡಿ" ಎಂದು ಡಾಕ್ಟರಮ್ಮ ಮೂರು ಸಲ ಹೇಳಿದರು. ಯಾವ ಗಿರಾಕಿ ಹಾಗೆ ಹೇಳುವುದಿಲ್ಲ? "ನೀವು ಆಟೋದಿಂದ ಇಳೀಬೇಡಿ, ನಿಮ್ಮ ಮುಖದಲ್ಲೇ ಆತುರ ಕಾಣುತ್ತೆ" ಎಂದು ಅವರನ್ನು ಐಸ್ ಡಬ್ಬದ ಜೊತೆ ಕೂರಿಸಿ ಮಾಂಸದಂಗಡಿಯ ಒಳಗೆ ಹೋದೆ.

ಅಂಗಡಿಯ ಸಾಬರು ನನ್ನ ಹಣೆಯ ವಿಭೂತಿ ನೋಡಿ ನಕ್ಕರು. "ಏನ್ ಸಾಮೀ, ಮನೇಲಿ ಅಮ್ಮಾವ್ರಿಗೆ ಗೊತ್ತಾ?"

ನಾನು ತಲೆ ಕೇಳಿದೆ, ಕಾಲು ಕೇಳಿದೆ, ಬೇಡವೆಂದು ಮೆಟ್ಟಿಲವರೆಗೆ ಬಂದು ತಿರುಗಿದೆ. ಲಿವರ್ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಮುಕ್ಕಾಲು ಗಂಟೆ ಚೌಕಾಸಿ ಮಾಡಿ, ಅವರು ಹೇಳಿದ ಬೆಲೆಯ ಅರ್ಧಕ್ಕೆ ತಂದೆ. ಬೀಗಿಕೊಂಡೇ ತಂದೆ.

ಅವತ್ತು ಸಂಜೆಯವರೆಗೂ ಪಂಪು ತಿರುಗಿತು. ಪಿತ್ತ ಬರಬೇಕಾದ ಸಣ್ಣ ಗಾಜಿನ ಕೊಳವೆ ತೊಳೆದಿಟ್ಟ ಹಾಗೇ ಇತ್ತು. ಪಂಪೇ ಸರಿಯಿಲ್ಲವೇನೋ ಎಂದು ಉರುಳೆ ಬಿಗಿ ಮಾಡಲು ಹೋದೆ.

"ಪಂಪು ಚೆನ್ನಾಗಿದೆ ಯಜಮಾನ್ರೇ," ಎಂದರು ಡಾಕ್ಟರಮ್ಮ. "ನೀವು ಅಲ್ಲಿ ಬೆಲೆ ಇಳಿಸ್ತಾ ಇದ್ರಿ. ಅದು ಅಲ್ಲೇ ಸಾಯ್ತಾ ಇತ್ತು."

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಆಕೆ ಬೈಯಲಿಲ್ಲ. ತಿಂಗಳು ಮುಗಿಯಲು ಎರಡೇ ದಿನ ಉಳಿದಿತ್ತು.

ಮಾರನೆ ದಿನ ಒಬ್ಬನೇ ಸಾಬರ ಹತ್ತಿರ ಹೋದೆ. ಜನ್ಮದಲ್ಲಿ ಯಾವ ಅಂಗಡಿಯಲ್ಲೂ ಆಡದ ಮಾತು ಆಡಿದೆ. "ಸಾಬ್ರೇ, ನನಗೆ ತುಂಬಾ ಆತುರ ಇದೆ." ಕೋಣೆಯ ವಿಷಯ, ಪಿತ್ತದ ವಿಷಯ, ಎಲ್ಲ ಹೇಳಿದೆ.

"ಇದನ್ನ ನೆನ್ನೆ ಹೇಳೋಕೆ ಏನಾಗಿತ್ತು? ನೀವು ಮನೇಲಿ ಹೇಳ್ದೆ ಬಿರಿಯಾನಿ ತಿನ್ನೋಕೆ ಶುರು ಮಾಡಿದೀರ ಅಂದ್ಕೊಂಡೆ!" ಸಾಬರು ಚೂರಿ ಒರೆಸಿ ಕೆಳಗಿಟ್ಟರು. "ಕಲೀಜಾನ, ಅದೇ ನಿಮ್ಮ ಲಿವರನ್ನ, ಅಲ್ಲಿಗ್ಯಾಕೆ ಹೊತ್ಕೊಂಡು ಹೋಗ್ತೀರಿ? ಮೇಕೇನೇ ನಡ್ಕೊಂಡು ಬರಲಿ. ನಾಳೆ ಅಲ್ಲೇ ಕೊಯ್ತೀನಿ."

ಬೆಲೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾರನೆ ದಿನ ಮೇಕೆ ಮುಂದೆ, ಸಾಬರು ಹಿಂದೆ, ಅವರ ಹಿಂದೆ ನಾನು. ನಮ್ಮ ಎದುರಂಗಡಿಯವನು "ಏನ್ ಗುರು, ಹೊಸ ಪಾರ್ಟ್ನರಾ?" ಎಂದು ಕೂಗಿದ.

ಕೋಣೆಯ ಹಿಂದಿನ ಅಂಗಳದಲ್ಲಿ ಕೊಯ್ಯುವಾಗ ನಾನು ಗೋಡೆ ಕಡೆ ತಿರುಗಿ ನಿಂತಿದ್ದೆ. ತಿರುಗಿದಾಗ ಡಾಕ್ಟರಮ್ಮ ಲಿವರಿನ ರಕ್ತನಾಳಕ್ಕೆ ತಣ್ಣಗಿನ ಉಪ್ಪುನೀರು ಬಿಡುತ್ತಿದ್ದರು. ಅದು ಜೇಡಿಮಣ್ಣಿನ ಬಣ್ಣಕ್ಕೆ ತಿರುಗಿತು. ಪಂಪಿಗೆ ಕೂಡಿಸಿದಾಗ ಅಂಚಿನಿಂದ ನಿಧಾನವಾಗಿ ಕೆಂಪೇರಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಎದೆಯ ಮೇಲಿನ ಲಿಂಗದ ಮೇಲೆ ಕೈಯಿಟ್ಟು, ಇಂಥದ್ದಕ್ಕೆ ಬೇಡಿಕೊಳ್ಳಬಹುದೋ ಇಲ್ಲವೋ ಎಂದು ಯೋಚಿಸುತ್ತಾ ನಿಂತೆ.

ಮೊದಲು ಕಂಡದ್ದು ಸಾಬರಿಗೆ. "ಬಂತಲ್ಲಮ್ಮಾ." ಕೊಳವೆಯ ಹತ್ತಿರ ಬಗ್ಗಿ ಅಂದರು: "ಇಷ್ಟು ವರ್ಷದಿಂದ ನಾನು ಇದನ್ನ ಪಿತ್ತದ ಚೀಲದ ಸಮೇತ ಬಿಸಾಕ್ತಿದೀನಿ."

ಕೋಣೆ ಕೊಟ್ಟಿದ್ದ ಹಿರಿಯ ಡಾಕ್ಟರು ಬಂದು, ಕನ್ನಡಕ ಮೇಲೇರಿಸಿ, ಇನ್ನೂ ನಾಲ್ಕು ಹನಿ ಬೀಳುವವರೆಗೆ ನಿಂತರು. "ಕೋಣೆ ನಿಮ್ಮ ಹತ್ರಾನೇ ಇರಲಿ" ಎಂದಷ್ಟೇ ಹೇಳಿ ಹೋದರು. ಡಾಕ್ಟರಮ್ಮ ಕೊಳವೆಯಿಂದ ಕಣ್ಣು ತೆಗೆಯಲಿಲ್ಲ.

ಮನೆಗೆ ಬಂದು ಬಚ್ಚಲಿಗೆ ಹೋಗುವ ಮೊದಲೇ ಹೆಂಡತಿಗೆ ಎಲ್ಲ ಹೇಳಿಬಿಟ್ಟೆ. ಮುಚ್ಚಿಡುವುದರ ಫಲ ನೋಡಿ ಬಂದಿದ್ದೆನಲ್ಲ. ಅವಳು ಸೆರಗು ಮೂಗಿಗೆ ಹಿಡಿದು, ದೂರ ನಿಂತೇ ಕೇಳಿದಳು:

"ಅದೇನ್ರೀ ಬಣ್ಣ ಇತ್ತು, ಆ ಹನಿ?"

"ನೆನೆಸಿದ ಹೆಸರುಕಾಳಿನ ಸಿಪ್ಪೆ ಇರುತ್ತಲ್ಲ," ಎಂದೆ, "ಆ ಬಣ್ಣ."