ಕಾಣಬಾರದ ಫೋಟೊ

ಕಾರ್ಕಳದ ಡಿಟಿಪಿ ಅಂಗಡಿಯಲ್ಲಿ ನಾನು ಜೆರಾಕ್ಸ್ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಅಕ್ಕ ಮದುವೆಗೂ ಉತ್ತರಕ್ರಿಯೆಗೂ ಆಮಂತ್ರಣದ ಕಾಗದ ಮಾಡುತ್ತಿದ್ದರು. ಮದುವೆಯವರು ಒಳಗೆ ಬಂದರೆ ಸಾಕು, ಅಕ್ಕ ವಿಂಡೋಸ್ ಮತ್ತು ಡಿ ಕೀಗಳನ್ನು ಒಟ್ಟಿಗೆ ಒತ್ತುತ್ತಿದ್ದರು. ಸತ್ತವರ ಫೋಟೊ ಮಾಯವಾಗಿ ಪರದೆ ಖಾಲಿಯಾಗುತ್ತಿತ್ತು.

“ಶುಭಕ್ಕೆ ಬಂದವರಿಗೆ ಅದು ಕಾಣಬಾರದು ಮಾರಾಯ,” ಎನ್ನುತ್ತಿದ್ದರು.

ತಮ್ಮ ಗಂಡ ತೀರಿಕೊಂಡಾಗ ಉತ್ತರಕ್ರಿಯೆಯ ಕಾಗದವನ್ನೂ ಅಕ್ಕನೇ ಅಂಗಡಿಗೆ ಬಂದು ಮಾಡಿದರು. ಫೋಟೊದಲ್ಲಿ ಅಂಗಿಯ ಕಾಲರ್ ಸರಿಪಡಿಸುತ್ತಿದ್ದಾಗ ಮದುವೆಯ ಮನೆಯವರೊಬ್ಬರು ನಗುತ್ತಾ ಬಂದರು. ಅಕ್ಕನ ಬೆರಳುಗಳು ತಾವಾಗಿಯೇ ಆ ಕೀಗಳನ್ನು ಒತ್ತಿದವು. ಗಂಡ ಮಾಯವಾದರು.

“ಕಂಪ್ಯೂಟರ್ ಹಾಳಾಗಿದೆ. ಪಕ್ಕದ ಅಂಗಡಿಗೆ ಹೋಗಿ,” ಎಂದರು ಅಕ್ಕ. ತಮಗೆ ಸೂತಕವೆಂದು ಹೇಳಲಿಲ್ಲ.

ಬಂದವರು ಮೆಟ್ಟಿಲಿಳಿದ ಮೇಲೆ ಅಕ್ಕ ಅವೇ ಎರಡು ಕೀಗಳನ್ನು ಮತ್ತೆ ಒತ್ತಿದರು. ಗಂಡ ಪರದೆಗೆ ಮರಳಿದರು.

“ಕಾಲರ್ ಇನ್ನೂ ಸೊಟ್ಟ ಉಂಟು, ಅಲ್ವಾ?”